ದುರುಗಪ್ಪನನ್ನು ಆಡಿಸಿದವರು

ಅವರಿಗೂ ಒಂದು ಹೆಸರಿತ್ತು. ಸಂಬಳದ ಪಟ್ಟಿಯಲ್ಲಿ ಅದು ಇದ್ದೇ ಇರಬೇಕು, ಮನೆಯವರೂ ಆ ಹೆಸರಿನಿಂದಲೇ ಕರೆಯುತ್ತಿದ್ದಿರಬೇಕು. ನಾವು ಮಾತ್ರ ಅವರನ್ನು ಲಿಂಗಸುಗೂರು ಅನ್ನುತ್ತಿದ್ದೆವು. ಅವರು ನನ್ನನ್ನು ಮಸ್ಕಿ ಅನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರುಗಳಲ್ಲಿ ಆಗ ಅದೇ ರೂಢಿ. ತಂತಿಯ ಆ ತುದಿಗೆ ಗಂಡಸು ಕೂತಿರಲಿ, ಹೆಂಗಸು ಕೂತಿರಲಿ, ಊರೇ ಅವರ ಹೆಸರು. “ಮಸ್ಕಿ, ಊಟ ಆತೇನವಾ?” “ಲಿಂಗಸೂರು, ನಿಮ್ಮ ಕೆಮ್ಮು ಕಡಿಮಿ ಆತೇನ್ರಿ?” ಕೇಳಿಸಿಕೊಂಡವರಿಗೆ ಊರುಗಳೇ ಒಂದರ ಯೋಗಕ್ಷೇಮ ಇನ್ನೊಂದು ವಿಚಾರಿಸುತ್ತಿವೆ ಅನಿಸಬೇಕು. ಅವರು ತೀರಿಕೊಂಡು ಬಹಳ ಕಾಲವಾಯಿತು. ಈಗಲೂ ಬಸ್ಸಿನ ಬೋರ್ಡಿನ ಮೇಲೆ ಆ ಊರಿನ ಹೆಸರು ಕಂಡರೆ ನನಗೆ ಮೊದಲು ನೆನಪಾಗುವುದು ಊರಲ್ಲ, ಅವರ ದನಿ.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮಸ್ಕಿಯ ಎಕ್ಸ್‌ಚೇಂಜ್ ಅಂದರೆ ಬಾಡಿಗೆ ಮನೆಯ ಒಂದು ಕೋಣೆ, ಒಂದು ಎತ್ತರದ ಕುರ್ಚಿ, ಎದುರಿಗೆ ಮರದ ಬೋರ್ಡು. ಊರಿನಲ್ಲಿ ಯಾರಾದರೂ ಫೋನಿನ ಹಿಡಿಕೆ ತಿರುವಿದರೆ ಬೋರ್ಡಿನ ಮೇಲೆ ಅವರ ನಂಬರಿನ ಪುಟ್ಟ ತಗಡು ಟಪ್ಪನೆ ಬೀಳುತ್ತಿತ್ತು. ನಾನು ಅಲ್ಲಿಗೆ ಒಂದು ವೈರು ಚುಚ್ಚಿ, ಯಾರು ಬೇಕೆಂದು ಕೇಳಿ, ಬೇಕಾದ ಕಡೆಗೆ ಇನ್ನೊಂದು ವೈರು ಚುಚ್ಚಬೇಕು. ಪರ ಊರಿನ ಕರೆಯಾದರೆ ಒಂದು ಕಡೆ ಲಿಂಗಸುಗೂರು, ಇನ್ನೊಂದು ಕಡೆ ಸಿಂಧನೂರು. ಮಸ್ಕಿ ಎರಡರ ನಡುವೆ ಇರುವುದರಿಂದ ಎರಡೂ ಕಡೆಯ ತಂತಿ ನನ್ನ ಬೋರ್ಡಿಗೇ ಬರುತ್ತಿತ್ತು. ಲಿಂಗಸುಗೂರಿನಲ್ಲಿ ಹಗಲು ಪಾಳಿಗೆ ಇವರು. ಸಿಂಧನೂರಿನಲ್ಲಿ ಒಬ್ಬ ಮುಸ್ಲಿಮರ ಹುಡುಗ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಕನ್ನಡ ಮಾತಾಡುತ್ತ ಮಾತಾಡುತ್ತಲೇ ದಖ್ಖನಿ ಉರ್ದುವಿಗೆ ಜಾರುವ ಆಸಾಮಿ. ಲಿಂಗಸುಗೂರನ್ನು ಆತ ಆಪಾ ಅನ್ನುತ್ತಿದ್ದ, ನಾನು ಅಕ್ಕಾರ ಅನ್ನುತ್ತಿದ್ದೆ. ಅವರು ನಮ್ಮಿಬ್ಬರಿಗಿಂತ ಇಪ್ಪತ್ತು ವರ್ಷವಾದರೂ ಹಿರಿಯರು.

ದಪ್ಪ ದನಿ ಅವರದು. ಬೆಳಿಗ್ಗೆ ಅದರಲ್ಲಿ ಸ್ವಲ್ಪ ಗೊರಗೊರ ಇರುತ್ತಿತ್ತು, ಚಹಾ ಕುಡಿದ ಮೇಲೆ ತಿಳಿಯಾಗುತ್ತಿತ್ತು. ಬಾಯಲ್ಲಿ ಲವಂಗ ಇಟ್ಟುಕೊಂಡರೆ ಮಾತು ಒಂದೇ ಕೆನ್ನೆಯಿಂದ ಹೊರಡುತ್ತಿತ್ತು. ಸಿಟ್ಟು ಬಂದಾಗ ಬಳೆಗಳನ್ನು ಮೊಣಕೈ ಕಡೆಗೆ ಸರಿಸುವ ಸದ್ದು ಮೊದಲು, ಬೈಗುಳ ಆಮೇಲೆ. ಆ ಸದ್ದು ಕೇಳಿದೊಡನೆ ನಾನು ಇಲ್ಲಿ ಮಸ್ಕಿಯಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂರುತ್ತಿದ್ದೆ. ಲಿಂಗಸುಗೂರಿನ ಅಡತಿ ಅಂಗಡಿಯ ಸಾಹುಕಾರರೊಬ್ಬರು ಫೋನಿನಲ್ಲಿ ಅರಚುವುದಕ್ಕೆ ಹೆಸರಾಗಿದ್ದರು. ಒಂದು ದಿನ ಇವರು ನಡುವೆ ಬಾಯಿ ಹಾಕಿದರು: “ಸಾವ್ಕಾರ್ರ, ನೀವು ಹಿಂಗ ಒದರಿದ್ರ ಸಿಂಧನೂರಿಗೆ ತಂತಿ ಯಾಕ್ರಿ ಬೇಕು? ಮಾಳಿಗಿ ಏರಿ ನಿಂತು ಮಾತಾಡ್ರಿ, ರೊಕ್ಕಾನೂ ಉಳಿತಾವು.” ಅದೇ ಬಾಯಿ, ಮೊದಲ ಸಲ ಫೋನು ಹಿಡಿದು ಗಾಬರಿಯಾಗಿ ನಿಂತ ಮುದುಕನಿಗೆ ಹೇಳುತ್ತಿತ್ತು: “ಅಂಜಬ್ಯಾಡೋ ಯಪ್ಪಾ, ಅದು ಕಡಿಯಂಗಿಲ್ಲ. ನಿನ್ನ ಮಗಳು ಒಳಗ ಅದಾಳ. ಏನವಾ ಅನ್ನು, ಓ ಅಂತಾಳ.” ಮುದುಕ ಏನವಾ ಅಂದು, ಮಗಳು ಓ ಅಂದ ಮೇಲೆಯೇ ಇವರು ಪಕ್ಕಕ್ಕೆ ಸರಿಯುತ್ತಿದ್ದದ್ದು.

ನಮ್ಮ ಆಟ ಹುಟ್ಟಿದ್ದು ಒಂದು ಬೇಸಿಗೆಯ ಮಧ್ಯಾಹ್ನ. ನಮ್ಮ ಕಡೆ ಬೇಸಿಗೆಯಲ್ಲಿ ಉಂಡ ಮೇಲೆ ಅಂಗಡಿಗಳು ಅರ್ಧ ಬಾಗಿಲು ಎಳೆದುಕೊಂಡು ಮಲಗುತ್ತವೆ. ಬೋರ್ಡಿನ ಮೇಲೆ ಒಂದು ತಗಡೂ ಬೀಳುವುದಿಲ್ಲ. ತಂತಿ ಸರಿ ಇದೆಯೋ ಇಲ್ಲವೋ ಎಂದು ಆಗಾಗ ಒಬ್ಬರನ್ನೊಬ್ಬರು ಕರೆದು ನೋಡುವುದು ನಮ್ಮ ಕೆಲಸದ ಭಾಗವೇ. ಅವತ್ತು ಹಾಗೆ ಕರೆದವರು ಮಾತು ಮುಗಿಸಲಿಲ್ಲ.

“ಮಸ್ಕಿ, ನಿನ್ನ ಹತ್ರ ಕವಡಿ ಅದಾವೇನು?”

“ಮನ್ಯಾಗ ಅದಾವ್ರಿ ಅಕ್ಕಾರ. ಯಾಕ್ರಿ?”

“ನಾಳಿ ತಗೊಂಡು ಬಾ. ಸಿಂಧನೂರಿಗೂ ಹೇಳು. ಕಬಡ್ಡಿ ಆಡೂನು.”

ನಾನು ನಕ್ಕೆ. ಅವರು ನಗಲಿಲ್ಲ.

ಅವರ ತವರು ಮುದಗಲ್. ಕೋಟೆಯ ಕಂದಕದ ಪಕ್ಕದ ಬಯಲಿನಲ್ಲಿ ಗಂಡುಹುಡುಗರು ಕಬಡ್ಡಿ ಆಡುತ್ತಿದ್ದರಂತೆ, ಇವರು ಮಾಳಿಗೆಯ ಮೇಲೆ ಕೂತು ನೋಡುತ್ತಿದ್ದರಂತೆ. “ಇಳದು ಹೋಗಿ ಆಡಬೇಕಂತ ಕಾಲು ಕಡಿತಿದ್ವು ನೋಡು ತಂಗಿ,” ಎಂದು ಒಮ್ಮೆ ಹೇಳಿದ್ದರು. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಯಮ ಮಾಡಿದವರೂ ಅವರೇ. ಒಬ್ಬೊಬ್ಬರೂ ಒಬ್ಬ ಆಟಗಾರನನ್ನು ಹುಟ್ಟಿಸಬೇಕು. ಅವನ ಹೆಸರು, ಊರು, ವಯಸ್ಸು, ಗುಣ, ಕೊರತೆ ಎಲ್ಲವನ್ನೂ ಹೇಳಬೇಕು. ತಂಡದ ಉಳಿದ ಆರು ಮಂದಿ ಹೆಸರಿಲ್ಲದವರು, ಬರೀ ಅಂಗಳ ತುಂಬಿಸುವುದಕ್ಕೆ. ಆಟಗಾರನಿಗೆ ಎಂಟು ಹುಣಸೆಬೀಜ. ಒಂದು ಬೀಜವೆಂದರೆ ಒಂದು ಉಸಿರು, ಪಂದ್ಯದಲ್ಲಿ ಬೀಜ ಇದ್ದಷ್ಟೇ ಸಲ ಅವನು ಎದುರಿನ ಅಂಗಳಕ್ಕೆ ನುಗ್ಗಬಹುದು. ಅವನು ನುಗ್ಗಿದಾಗ ನಾವು ಅವನ ಪರವಾಗಿ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತ, ಉಸಿರು ಮುಗಿಯುವುದರೊಳಗೆ ಐದು ಕವಡೆ ಒಗೆಯಬೇಕು. ಅಂಗಾತ ಬಿದ್ದ ಕವಡೆ ಎಷ್ಟೋ ಅಷ್ಟು ಮಂದಿಯನ್ನು ಮುಟ್ಟಿ ಬಂದ ಲೆಕ್ಕ, ಅಷ್ಟು ಅಂಕ. ಐದೂ ಬೋರಲು ಬಿದ್ದರೆ ಅವನು ಸಿಕ್ಕಿಬಿದ್ದ, ಎದುರಿನವರಿಗೆ ಒಂದು ಅಂಕ. ಯುಗಾದಿಯಿಂದ ಯುಗಾದಿಗೆ ಒಂದು ಹಂಗಾಮು, ಹಂಗಾಮಿನ ಕೊನೆಗೆ ಗೆದ್ದವನಿಗೆ ಒಂದು ಕಪ್ಪು. ಆ ಕಪ್ಪೂ ಕಣ್ಣಿಗೆ ಕಾಣದ್ದೇ, ಬೆಳ್ಳಿಯದು ಅಂತ ಸಿಂಧನೂರು ಹಟ ಹಿಡಿದದ್ದರಿಂದ ಬೆಳ್ಳಿಯದು. ವರ್ಷ ಕಳೆದರೆ ಆಟಗಾರನಿಗೂ ವಯಸ್ಸಾಗುತ್ತದೆ. ಮೂವತ್ತು ದಾಟಿದ ಮೇಲೆ ವರ್ಷಕ್ಕೊಂದು ಬೀಜ ಕಳೆಯಬೇಕು. ಮೂವತ್ತೈದು ತುಂಬಿದರೆ ಅಂಗಳ ಬಿಟ್ಟು ಹೋಗಬೇಕು. ವಯಸ್ಸಿನ ಈ ನಿಯಮ ಬೇಡವೆಂದು ನಾವಿಬ್ಬರೂ ಕಾಡಿದೆವು, ಅವರು ಬಗ್ಗಲಿಲ್ಲ.

ನನ್ನ ಹುಡುಗ ಮಸ್ಕಿಯ ಬಸವ, ಹತ್ತೊಂಬತ್ತರ ಪ್ರಾಯ, ಕೋಣನ ಮೈ. ಸಿಂಧನೂರಿನ ಹುಡುಗನ ಹೆಸರು ಬಿಜ್ಲಿ, ತುರ್ವಿಹಾಳದವನು, ಇಪ್ಪತ್ತರ ಮೀಸೆ, ಆರಡಿ ಎತ್ತರ, ಹಣೆಯ ಮೇಲೆ ಕೂದಲು. ಇಬ್ಬರಲ್ಲೂ ಹುಡುಕಿದರೂ ಒಂದು ಕೊರತೆ ಇಲ್ಲ. ಆಮೇಲೆ ಅವರು ತಮ್ಮವನನ್ನು ಹೇಳಿದರು. ಮುದಗಲ್ಲಿನ ದುರುಗಪ್ಪ. ವಯಸ್ಸು ಇಪ್ಪತ್ತೆಂಟು. ಎತ್ತರ ಸಾಧಾರಣ, ಬಲ ಮೊಣಕಾಲಲ್ಲಿ ಸ್ವಲ್ಪ ನೋವು. ನಾಯಿ ಕಂಡರೆ ಅಂಜುತ್ತಾನೆ. ಗೆದ್ದರೆ ನಗುವುದಿಲ್ಲ, ಸೋತರೆ ಮಾತಾಡುವುದಿಲ್ಲ.

“ಅರೆ ಆಪಾ, ಎಲ್ಲಿಂದ ಈ ಬುಡ್ಢಾನ್ನ ಹಿಡ್ಕೊಂಡು ಬಂದ್ರಿ?” ಎಂದ ಸಿಂಧನೂರು.

“ಹತ್ತೊಂಬತ್ತರಾಂವ ಗೆದ್ರ ಅದರಾಗೇನೈತಿ? ಅವಗ ಗೆಲ್ಲಾಕ ಇನ್ನೂ ಬೇಕಾದಷ್ಟು ದಿನ ಅದಾವು. ಇವಗಿಲ್ಲ. ಇಂವ ಗೆದ್ರ ನೋಡಾಕ ಚೆಂದ.” ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿದ ಸದ್ದು ಕೇಳಿಸಿತು. “ನನಗ ಭಾಳ ಬ್ಯಾಡ. ಒಂದ ಒಂದು ಕಪ್ಪು. ಅವಗ ಮೂವತ್ತೈದು ತುಂಬೂದ್ರೊಳಗ ಒಂದ.”

ಬಯಕೆ ಅಂದರೆ ಅದು. ಅವತ್ತು ನನಗೆ ತಮಾಷೆಯಾಗಿ ಕಂಡಿತ್ತು. ದೊಡ್ಡವರು, ಸಂಸಾರಸ್ಥರು, ಹುಣಸೆಬೀಜ ಇಟ್ಟುಕೊಂಡು ಇಲ್ಲದ ಮನುಷ್ಯನಿಗೆ ಇಲ್ಲದ ಕಪ್ಪು ಬೇಡುತ್ತಿದ್ದಾರಲ್ಲ ಅಂತ. ಒಂದು ತಿಂಗಳಾಗುವಷ್ಟರಲ್ಲಿ ನಾನೇ ಮನೆಯಲ್ಲಿ ರೊಟ್ಟಿ ಬಡಿಯುತ್ತ ಬಸವನ ಚಿಂತೆ ಮಾಡತೊಡಗಿದ್ದೆ.

ಆಟದಲ್ಲೊಂದು ದೊಡ್ಡ ತೂತಿತ್ತು. ಒಬ್ಬರ ಕವಡೆ ಇನ್ನೊಬ್ಬರಿಗೆ ಕಾಣುವುದಿಲ್ಲ, ಹೇಳಿದ್ದನ್ನು ನಂಬಬೇಕು. ಮೊದಲ ಹಂಗಾಮಿನಲ್ಲಿ ಸಿಂಧನೂರಿನ ಕವಡೆಗಳು ಬೋರಲು ಬೀಳುವುದನ್ನೇ ಮರೆತಿದ್ದವು. ಬಿಜ್ಲಿ ನುಗ್ಗಿದಾಗಲೆಲ್ಲ ನಾಲ್ಕು, ಐದು, ನಾಲ್ಕು. ನನಗೆ ಮೈ ಉರಿಯುತ್ತಿತ್ತು. ಲಿಂಗಸುಗೂರು ಮಾತ್ರ ಒಂದು ದಿನ ತಣ್ಣಗೆ ಹೇಳಿದರು: “ಸಿಂಧನೂರು, ಅಂಗಾತ ಬಿದ್ದ ಕವಡಿ ಸಪ್ಪಳ ಬ್ಯಾರೆ, ಬೋರಲ ಬಿದ್ದದ್ದರ ಸಪ್ಪಳ ಬ್ಯಾರೆ. ನಿಂದು ಈಗ ಎರಡ ಬಿದ್ದಾವು.” ಆ ಕಡೆಯಿಂದ ಕವಡೆ ಗುಡಿಸಿಕೊಂಡ ಸದ್ದು ಬಂತು. “...ಹೌದ್ರಿ ಆಪಾ, ಎರಡ.” ಅಂದಿನಿಂದ ಆತನ ಕವಡೆಗಳೂ ಎಲ್ಲರ ಕವಡೆಗಳಂತೆ ಬೀಳತೊಡಗಿದವು. ನಾನು ಆಮೇಲೆ ಗುಟ್ಟಾಗಿ ಕೇಳಿದೆ, ನಿಜವಾಗಿ ಸಪ್ಪಳದಲ್ಲಿ ತಿಳಿಯುತ್ತದೆಯೇ ಎಂದು. “ಎಲ್ಲಿ ತಿಳಿತೈತಿ ತಂಗಿ, ಈ ಗರಗರ ತಂತ್ಯಾಗ? ಅವಗ ತಿಳಿತೈತಿ ಅನಿಸಿದ್ರ ಸಾಕು.” ನಗುವಾಗ ಅವರಿಗೆ ಕೆಮ್ಮು ಬರುತ್ತಿತ್ತು. ಅವರನ್ನು ನಗಿಸಿದೆನೆಂಬ ಹೆಮ್ಮೆ, ಕೆಮ್ಮಿಸಿದೆನೆಂಬ ಸಂಕಟ, ಎರಡೂ ನನಗೆ ಒಟ್ಟಿಗೇ ಆಗುತ್ತಿತ್ತು.

ತಮ್ಮ ಕವಡೆಯ ಲೆಕ್ಕದಲ್ಲಿ ಅವರು ಮಾತ್ರ ಒಂದು ಸಲವೂ ಇಲ್ಲದ್ದನ್ನು ಇದೆ ಅನ್ನಲಿಲ್ಲ. ಕವಡೆ ಬಿದ್ದ ಮೇಲೆ ಒಂದು ಗಳಿಗೆಯೂ ತಡೆಯುತ್ತಿರಲಿಲ್ಲ, ಬಿದ್ದದ್ದು ಬಿದ್ದ ಹಾಗೆ ಬಾಯಿಂದ ಬರುತ್ತಿತ್ತು. ದುರುಗಪ್ಪ ಸಿಕ್ಕಿಬಿದ್ದರೆ “ಹಿಡದ್ರು ನೋಡು” ಅನ್ನುವಾಗ ಅವರ ದನಿ ತಾವೇ ಸಿಕ್ಕಿಬಿದ್ದವರ ಹಾಗೆ ಇಳಿದುಹೋಗುತ್ತಿತ್ತು.

ತಮ್ಮ ಬಗ್ಗೆ ಹೇಳಿಕೊಳ್ಳುವ ಅಭ್ಯಾಸವೇ ಅವರಿಗಿರಲಿಲ್ಲ. ಮೈ ಬಿಸಿಯಾಗಿದ್ದರೂ ಪಾಳಿಗೆ ಬಂದು ಕೂರುವವರು. ಹೇಗಿದ್ದೀರಿ ಅಂದರೆ “ನನಗೇನು ಧಾಡಿ” ಅಂದುಬಿಡುತ್ತಿದ್ದರು. ಆದರೆ “ದುರುಗಪ್ಪಗ ಇವತ್ತು ಮೈಯಾಗ ಆರಾಮಿಲ್ಲ, ಆಡಂಗಿಲ್ಲ” ಎಂದರೆ ಅವರಿಗೆ ಜ್ವರ ಬಂದಿದೆ ಎಂದು ನಾನು ತಿಳಿದುಕೊಳ್ಳಬೇಕು. “ಅಂವ ಇವತ್ತು ಮುಂಜಾನಿ ಏನೂ ತಿಂದಿಲ್ಲ, ಮನ್ಯಾಗ ಮಾತಿಗೆ ಮಾತು ಬೆಳೀತು” ಎಂದರೆ ಲಿಂಗಸುಗೂರಿನ ಯಾವುದೋ ಓಣಿಯ ಅಡಿಗೆಮನೆಯಲ್ಲಿ ಇವರು ಕಣ್ಣೊರೆಸಿಕೊಂಡು ಕೆಲಸಕ್ಕೆ ಬಂದಿದ್ದಾರೆ ಎಂದರ್ಥ. ನಾನೂ ದುರುಗಪ್ಪನಿಗೇ ಸಮಾಧಾನ ಹೇಳುತ್ತಿದ್ದೆ. “ಉಣ್ಣಾಕ ಹೇಳ್ರಿ ಅವಗ. ಹಸದು ಕುಂತ್ರ ಯಾರಿಗೇನು ಬಂತು?” “ಹೇಳ್ತೀನಿ ತಾಳು,” ಅನ್ನುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಬುತ್ತಿಯ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸುತ್ತಿತ್ತು.

ಆಟ ಎಷ್ಟೇ ರಂಗೇರಿರಲಿ, ಬೋರ್ಡಿನ ಮೇಲೆ ತಗಡು ಬಿತ್ತೆಂದರೆ ನಿಲ್ಲಿಸಬೇಕು. ಇದೂ ಅವರದೇ ನಿಯಮ. ಮೂರನೆಯ ಹಂಗಾಮಿನ ಕೊನೆಯ ಪಂದ್ಯ ನನಗೂ ಅವರಿಗೂ ಬಿದ್ದಿತ್ತು. ದುರುಗಪ್ಪ ಬಹಳ ಮುಂದಿದ್ದ, ಬಸವ ಗೆಲ್ಲುವ ಲಕ್ಷಣವೇ ಇರಲಿಲ್ಲ. ಆಗ ಅವರ ಕಡೆ ತಗಡು ಬಿತ್ತು. ಲಿಂಗಸುಗೂರಿಗೆ ದವಾಖಾನೆಗೆ ಬಂದಿದ್ದ ತುರ್ವಿಹಾಳದ ಒಬ್ಬ ರೈತ ತೀರಿಕೊಂಡಿದ್ದ, ಊರಿನಲ್ಲಿದ್ದ ಹೆಂಡತಿಗೆ ತಿಳಿಸಬೇಕಿತ್ತು. ತುರ್ವಿಹಾಳದಲ್ಲಿ ಫೋನಿದ್ದದ್ದು ಒಂದು ಗೊಬ್ಬರದ ಅಂಗಡಿಯಲ್ಲಿ. ನಾವು ಮೂವರೂ ಸೇರಿ ತಂತಿ ಕೂಡಿಸಿದೆವು. ಅಂಗಡಿಯವನು ಆ ಹೆಂಗಸನ್ನು ಕರೆಸಲು ಹೊರಟಾಗ ಇವರು ತಡೆದರು: “ತಡೀರಿ. ಆಕಿನ್ನ ಒಬ್ಬಾಕಿನ್ನ ಕರಿಸಬ್ಯಾಡ್ರಿ, ಬಾಜೂ ಮನಿ ಹೆಣ್ಮಕ್ಕಳ್ನೂ ಕರೀರಿ. ಕುಂದರಿಸಿ, ನೀರು ಕುಡಿಸಿ, ಆಮ್ಯಾಗ ಫೋನು ಕೈಯಾಗ ಕೊಡ್ರಿ. ಅಲ್ಲೀತನಾ ನಾ ಲೈನ್ ಬಿಡಂಗಿಲ್ಲ.” ಬಿಡಲೂ ಇಲ್ಲ. ಆ ಹೆಂಗಸಿನ ಅಳು ನಮ್ಮ ಮೂರು ಊರುಗಳನ್ನು ದಾಟಿ ಹೋಯಿತು. ಎಲ್ಲ ಮುಗಿದ ಮೇಲೆ, ಆಟ ಮುಂದುವರಿಸೋಣವೇ ಎಂದು ನಾನು ಮೆಲ್ಲಗೆ ಕೇಳಿದೆ.

“ಇವತ್ತು ಬ್ಯಾಡ ಮಸ್ಕಿ. ದುರುಗಪ್ಪ ಅಂಗಿ ಹಾಕ್ಕೊಂಡು ಹೋದ.”

ನಡುವೆ ಬಿಟ್ಟ ಪಂದ್ಯವನ್ನು ಮೊದಲಿನಿಂದ ಆಡಬೇಕು. ಮರುದಿನ ಆಡಿದೆವು, ಬಸವ ಗೆದ್ದ. ಗೆದ್ದದ್ದಕ್ಕೆ ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ. ಅವರು ಮಾತ್ರ ಬಸವನಿಗೆ ಎಣ್ಣೆ ಹಚ್ಚಿ ಎರೆಯಲು ಹೇಳಿದರು.

ಹೀಗೆ ವರ್ಷಗಳು ಉರುಳಿದವು. ಬಸವ, ಬಿಜ್ಲಿ ಕಪ್ಪನ್ನು ಹಂಚಿಕೊಂಡು ತಿಂದರು. ದುರುಗಪ್ಪ ಪ್ರತಿ ಸಲ ಕೊನೆಯ ಪಂದ್ಯದವರೆಗೆ ಬಂದು ಸೋಲುವನು, ಇಲ್ಲವೇ ಅದರ ಹಿಂದಿನದರಲ್ಲೇ. ಅವನಿಗೆ ಮೂವತ್ತು ದಾಟಿತು. ಪ್ರತಿ ಯುಗಾದಿಯ ಮರುದಿನ ಅವರು ತಂತಿಯ ಮೇಲೆ ನಮಗೆ ಕೇಳುವಂತೆ ಒಂದು ಬೀಜವನ್ನು ಡಬ್ಬಿಯಿಂದ ತೆಗೆದು ಮೇಜಿನ ಮೇಲಿಡುತ್ತಿದ್ದರು. ಬಿಟ್ಟುಬಿಡ್ರಿ ಅಕ್ಕಾರ, ಅವನಿಗೊಂದು ರಿಯಾಯಿತಿ ಇರಲಿ ಅಂದರೆ ಕೇಳುತ್ತಿರಲಿಲ್ಲ. “ವಯಸ್ಸು ನನ್ನ ಕೇಳಿ ಬರ್ತೈತೇನು?”

ಈ ಎಲ್ಲ ವರ್ಷಗಳಲ್ಲಿ ನಾನು ಅವರನ್ನು ಒಮ್ಮೆಯೂ ನೋಡಲಿಲ್ಲ. ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಹೋಗಬಹುದಿತ್ತು. ಬಾ ಅನ್ನುತ್ತಿದ್ದರು, ಬರ್ತೀನ್ರಿ ಅನ್ನುತ್ತಿದ್ದೆ. ನಾನು ಮನಸ್ಸಿನಲ್ಲಿ ಅವರಿಗೊಂದು ಮುಖ ಮಾಡಿಕೊಂಡಿದ್ದೆ. ಎತ್ತರದ ಆಳು, ಎಣ್ಣೆಗಪ್ಪು ಬಣ್ಣ, ದೊಡ್ಡ ಕುಂಕುಮ, ತುಂಬಿದ ತುರುಬು. ಹೋಗಿ ನೋಡಿದರೆ ಆ ಮುಖ ಕಳೆದುಹೋಗುತ್ತದೆ ಅನ್ನುವ ಅಂಜಿಕೆ ಇತ್ತೇನೋ. ಅಥವಾ ದಿನಾ ಕಿವಿಯೊಳಗೇ ಇದ್ದವರನ್ನು ಎದ್ದು ಹೋಗಿ ನೋಡಬೇಕೆಂದು ಯಾಕೆ ಅನಿಸಬೇಕು? ಈಗ ಅನಿಸುತ್ತದೆ. ಈಗ ಎಷ್ಟು ಅನಿಸುತ್ತದೆ ಅಂದರೆ, ಆ ಒಂದು ತಾಸಿನ ಹಾದಿಗಾಗಿ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ತೊಂಬತ್ತರ ದಶಕ ಕಾಲಿಟ್ಟಿತು. ಲಿಂಗಸುಗೂರಿಗೆ ಹೊಸ ಮಷೀನು ಬರುತ್ತದೆ, ಮಂದಿ ತಾವೇ ನಂಬರು ತಿರುವಿಕೊಳ್ಳುತ್ತಾರೆ, ಬೋರ್ಡಿನ ಮುಂದೆ ಕೂರಲು ಯಾರೂ ಬೇಕಿಲ್ಲ ಎಂಬ ಸುದ್ದಿ ಮೊದಲು ಬಂತು, ಆಮೇಲೆ ಮಷೀನಿನ ಪೆಟ್ಟಿಗೆಗಳೇ ಬಂದವು. ಅವರನ್ನು ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಯುಗಾದಿ ಹತ್ತಿರವಿತ್ತು. ದುರುಗಪ್ಪನಿಗೆ ಮೂವತ್ತನಾಲ್ಕು, ಡಬ್ಬಿಯಲ್ಲಿ ನಾಲ್ಕೇ ಬೀಜ. ಅದೃಷ್ಟ ನೋಡಿ, ಆ ನಾಲ್ಕು ಬೀಜ ಇಟ್ಟುಕೊಂಡೇ ಆತ ನನ್ನ ಬಸವನನ್ನು ಸೋಲಿಸಿ ಕೊನೆಯ ಪಂದ್ಯಕ್ಕೆ ಬಂದ. ಎದುರಿಗೆ ಬಿಜ್ಲಿ. ಇದು ಕೈತಪ್ಪಿದರೆ ಮುಂದೆ ಅವನಿಗೆ ಅಂಗಳವಿಲ್ಲ, ಅವರಿಗೆ ಬೋರ್ಡಿಲ್ಲ.

ಅವತ್ತು ಮಧ್ಯಾಹ್ನ ನಾನು ಎರಡೂ ಕಡೆಯ ತಂತಿ ಕೂಡಿಸಿ, ನಡುವೆ ಬಾಯಿ ಮುಚ್ಚಿಕೊಂಡು ಕೂತೆ. ಬಿಜ್ಲಿ ಮೊದಲು ನುಗ್ಗಬೇಕು. “ಐದೂ ಬೋರಲು,” ಎಂದ ಸಿಂಧನೂರು. ಮತ್ತೆ ನುಗ್ಗಿದ. “ಮತ್ತ ಬೋರಲು. ಕ್ಯಾ ನಸೀಬ್ ಹೈ ನೋಡ್ರಿ.” ಮೂರನೆಯ ಸಲವೂ ಬೋರಲು ಅಂದಾಗ ಬಳೆ ಸರಿಸುವ ಸದ್ದು ಕೇಳಿಸಿತು.

“ಸಿಂಧನೂರು, ನೀ ಕವಡಿ ಒಗಿಯಾಕತ್ತಿಲ್ಲ.”

“ಒಗಿಯಾಕತ್ತೀನಿ ಆಪಾ, ಖುದಾ ಕಸಂ...”

“ದೇವರ್ನ ಯಾಕ ನಡುವ ತರ್ತೀ? ನೀ ಬಿಜ್ಲಿನ್ನ ಮಲಗಿಸಿ ಕೊಟ್ಟ ಕಪ್ಪು ತಗೊಂಡು ನಮ್ಮಾಂವ ಏನ್ ಮಾಡಬೇಕು? ಮೊದಲಿಂದ ಒಗಿ.”

ಆತ ಮೊದಲಿನಿಂದ ಒಗೆದ, ಕವಡೆ ಮೇಜಿಗೆ ಬಡಿಯುವುದು ನನಗೂ ಕೇಳುವಂತೆ. ಆದರೂ ಅವತ್ತು ಬಿಜ್ಲಿಯ ಕಾಲು ಏಳಲಿಲ್ಲ, ಒಂದು, ಎರಡು, ಒಂದು, ಹೀಗೆಯೇ ಅವನ ಉಸಿರೆಲ್ಲ ಮುಗಿಯಿತು. ಆಮೇಲೆ ದುರುಗಪ್ಪ ಇಳಿದ. ಮೊದಲ ಮೂರು ಉಸಿರಿನಲ್ಲಿ ಅವನು ಆಡಿದ ಆಟ ಆರು ವರ್ಷದಲ್ಲಿ ಆಡಿರಲಿಲ್ಲ. ನಾಲ್ಕು, ಮೂರು, ನಾಲ್ಕು. ಕೊನೆಯ ಬೀಜ ಉಳಿದಾಗ ಒಂದೇ ಅಂಕ ಹಿಂದಿದ್ದ. ಒಂದು ಕವಡೆ ಅಂಗಾತ ಬಿದ್ದರೆ ಸಮ, ಎರಡು ಬಿದ್ದರೆ ಕಪ್ಪು.

ಅವರು ನೀರು ಕುಡಿದರು. ಆಮೇಲೆ ಶುರುವಾಯಿತು, ಕಬಡ್ಡಿ ಕಬಡ್ಡಿ ಕಬಡ್ಡಿ, ಆ ದಪ್ಪ ದನಿ ಕೆಮ್ಮನ್ನು ಒತ್ತಿ ಹಿಡಿದುಕೊಂಡು ಉದ್ದಕ್ಕೆ ಹೋಗುತ್ತಲೇ ಇತ್ತು. ನನ್ನ ಉಸಿರೂ ಹಿಡಿದುಹೋಗಿತ್ತು. ಕವಡೆಗಳು ಮೇಜಿನ ಮೇಲೆ ಬಿದ್ದು ಉರುಳಿದವು, ನಿಂತವು. ಅಲ್ಲಿ ಏನು ಬಿದ್ದಿದೆ ಎಂದು ನೋಡಲು ಅವರೊಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವರು ಎರಡು ಅಂದಿದ್ದರೆ ಎರಡು. ಐದು ಅಂದಿದ್ದರೆ ಐದು. ಎರಡು ಅನ್ನಿರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳುತ್ತೇನೆ, ಎರಡು ಅನ್ನಿರಿ ಎಂದು ನಾನು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಯಾವತ್ತೂ ತಡೆಯದವರು ಅವತ್ತು ಒಂದು ಗಳಿಗೆ ತಡೆದರು.

“ಐದೂ ಬೋರಲು.”

ಸಿಂಧನೂರು ಗಂಟಲು ಸರಿಮಾಡಿಕೊಂಡ. “ಆಪಾ, ಲೈನ್ ಖರಾಬ್ ಆಗಿತ್ರಿ. ನಮಗೇನೂ ಕೇಳಿಸಿಲ್ಲ. ಮಸ್ಕಿ, ನಿಮಗ ಕೇಳಿಸ್ತೇನ್ರಿ?”

“ಇಲ್ರಿ, ನನಗೂ ಕೇಳಿಸಿಲ್ಲ,” ಎಂದೆ.

“ಇನ್ನೊಮ್ಮಿ ಒಗೀರಿ ಆಪಾ.”

“ಲೈನ್ ಚಲೋ ಐತಿ,” ಎಂದರು ಲಿಂಗಸುಗೂರು. ಕವಡೆಗಳನ್ನು ಡಬ್ಬಿಗೆ ತುಂಬಿದ ಸದ್ದಿನ ನಡುವೆ, “ಬಿಜ್ಲಿಗೆ ಹೇಳು, ಚಲೋ ಆಡಿದ ಅಂತ. ಇಲ್ಲೆ ತಗಡು ಬಿತ್ತು, ನಾ ಬರ್ತೀನಿ.” ತಗಡು ಬಿದ್ದ ಸದ್ದು ನನಗೆ ಕೇಳಿಸಿರಲಿಲ್ಲ.

ಬೋರ್ಡು ಮುಚ್ಚುವ ಹಿಂದಿನ ದಿನ ಕೊನೆಯದಾಗಿ ಮಾತಾಡಿದೆವು. ದುರುಗಪ್ಪ ಏನು ಮಾಡುತ್ತಿದ್ದಾನೆ ಎಂದು ಕೇಳಿದೆ. “ಮುದಗಲ್ಲಾಗ ಅದಾನ. ಸಣ್ಣ ಹುಡುಗುರಿಗೆ ಉಸಿರು ಹಿಡಿಯೂದು ಕಲಿಸಾಕತ್ಯಾನ. ನೀ ಮದುವಿ ಮಾಡ್ಕೋ ಇನ್ನ, ಬಸವನ್ನ ಹಿಡ್ಕೊಂಡು ಎಷ್ಟ ದಿನ ಕುಂದರ್ತಿ?” ನಕ್ಕರು, ಕೆಮ್ಮಿದರು. ಮರುದಿನ ಲಿಂಗಸುಗೂರಿನ ತಂತಿಗೆ ಅಭ್ಯಾಸಬಲದಿಂದ ವೈರು ಚುಚ್ಚಿದೆ. ಕುಂಯ್ ಎಂದು ಒಂದೇ ಸಮನೆ ಏನೋ ಒದರುತ್ತಿತ್ತು. ಹಲೋ ಲಿಂಗಸೂರು, ಹಲೋ ಲಿಂಗಸೂರು ಎಂದು ಅದಕ್ಕೇ ಎರಡು ಸಲ ಹೇಳಿ ವೈರು ಕಿತ್ತೆ.

ನಮ್ಮ ಬೋರ್ಡೂ ಹೋಯಿತು. ನನಗೆ ಮದುವೆಯಾಯಿತು, ವರ್ಗವಾಯಿತು. ಅವರಿಗೆ ಫೋನು ಮಾಡಬಹುದಿತ್ತು, ಒಂದೆರಡು ಸಲ ಮಾಡಿದೆ ಕೂಡ. ಕೌಂಟರಿನಲ್ಲಿ ಜನ ನಿಂತಿದ್ದಾರೆ ಅನ್ನುತ್ತಿದ್ದರು. ಆಟವಿಲ್ಲದೆ ನಮಗೆ ಮಾತು ಹೇಗೆ ಶುರುಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಬೇಸಿಗೆಯ ಮಧ್ಯಾಹ್ನಗಳಲ್ಲಿ ನನ್ನ ಕಿವಿ ಸುಮ್ಮನೆ ಕಾಯುತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಫೋನು ಬಂತು. “ಮಸ್ಕಿ, ನಾನ್ರಿ, ಸಿಂಧನೂರು. ಆಪಾ ಹೋದ್ರಂತ್ರಿ. ಮೂರು ದಿನ ಆತಂತ.” ಅಷ್ಟು ವರ್ಷದ ಮೇಲೂ ಆತ ನನ್ನನ್ನು ಮಸ್ಕಿ ಎಂದದ್ದಕ್ಕೇ ನನಗೆ ಮೊದಲು ಅಳು ಬಂತು, ಸುದ್ದಿಗೆ ಆಮೇಲೆ.

ಮನೆಯವರನ್ನು ಮಾತಾಡಿಸಿ ಬರಲು ಇಬ್ಬರೂ ಹೋದೆವು. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಆತನನ್ನೂ ನಾನು ಮೊದಲ ಸಲ ನೋಡಿದ್ದು, ಬಾಯಿ ತೆರೆದ ಮೇಲೆಯೇ ಗುರುತು ಸಿಕ್ಕದ್ದು. ವಿಚಾರಿಸಿಕೊಂಡು ಓಣಿ ಹುಡುಕಿದೆವು. ಪಡಸಾಲೆಯಲ್ಲಿ ಹಾರ ಹಾಕಿದ ಫೋಟೋ ಇತ್ತು. ಗಿಡ್ಡ ಆಳು, ಗುಂಡು ಮುಖ, ದಪ್ಪ ಕನ್ನಡಕ, ತೆಳ್ಳಗಿನ ಕೂದಲು. ನಾನು ಮಾಡಿಕೊಂಡಿದ್ದ ಮುಖದಲ್ಲಿ ಒಂದೂ ಕೂಡಲಿಲ್ಲ. ಈ ಹೆಂಗಸು ಒಂದು ಮಾತು ಆಡಿದರೆ ಸಾಕು, ಎದ್ದು ಹೋಗಿ ತಬ್ಬಿಕೊಳ್ಳುತ್ತಿದ್ದೆ ಅನಿಸಿತು.

ಅವರ ಗಂಡ ಚಹಾ ತಂದುಕೊಟ್ಟು ಗೋಡೆಗೆ ಒರಗಿ ಕೂತರು. ಮೂಲೆಯ ಹೊರಸಿನ ಮೇಲೆ ಅವರ ತಾಯಿ, ಅಕ್ಕಾರ ಅತ್ತೆ, ಇದ್ದರು, ಕಣ್ಣು ಕಾಣದ ಹಣ್ಣು ಮುದುಕಿ.

“ಯಾರವಾ ಬಂದೋರು?”

“ನಾನಬೇ ಯಮ್ಮಾ, ಮಸ್ಕಿಯಾಕಿ. ಅಕ್ಕಾರ ಜೋಡಿ ಫೋನಿನ ಕೆಲಸ ಮಾಡ್ತಿದ್ದೆ. ಇವರು ಸಿಂಧನೂರಿನವರು.”

“ಓ, ಮಸ್ಕಿ! ಬಾ ಯವ್ವಾ. ನಿಮ್ಮ ಬಸವ ಚಲೋ ಅದಾನಿಲ್ಲ?”

ಗಂಡ ತಲೆ ತಗ್ಗಿಸಿಕೊಂಡೇ ಸಣ್ಣ ದನಿಯಲ್ಲಿ ಹೇಳಿದರು: “ದಿನಾ ಸಂಜಿಕ ಬಂದು ನಮ್ಮವ್ವಗ ಆಟದ ಸುದ್ದಿ ಹೇಳ್ತಿದ್ಲು. ಅವ್ವ ಅವರ್ನೆಲ್ಲ ಖರೇ ಮಂದಿ ಅಂತ ತಿಳ್ಕೊಂಡ್ಳು. ಅಲ್ಲ ಅಂತ ಹೇಳೂದು ಯಾರಿಗೂ ಆಗ್ಲಿಲ್ರಿ.”

“ಚಲೋ ಅದಾನಬೇ,” ಎಂದೆ ಮುದುಕಿಗೆ.

“ದುರುಗಪ್ಪಗ ಸುದ್ದಿ ಮುಟ್ಟೈತೇನವಾ? ಮಣ್ಣಿಗೆ ಬರ್ಲಿಲ್ಲ ಅಂವ. ನಾ ಆ ದಿನ ಹೊತ್ತು ಮುಳುಗೂತನ ಹಾದಿ ನೋಡಿದೆ.” ಮುದುಕಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. “ಅಂವ ಕಪ್ ಗೆದ್ದ ದಿನ ನಾ ಮರಿಯಂಗಿಲ್ಲ ನೋಡು. ನಾನೂ ಅಮರೇಶಪ್ಪಗ ಬೇಡ್ಕೊಂಡಿದ್ದೆ, ಗೆದ್ರ ಕಾಯಿ ಒಡಸ್ತೀನಂತ. ಸಂಜಿಕ ಬಂದಾಕಿನ ‘ಅತ್ತಿ, ದುರುಗಪ್ಪ ಗೆದ್ದ’ ಅಂದ್ಲು. ಅಂದು, ನನ್ನ ತೊಡಿ ಮ್ಯಾಲ ತಲಿ ಇಟ್ಟು ಎಷ್ಟ ಅತ್ಲು ಅಂತಿ! ಗೆದ್ರೂ ಅಳ್ತಾರೇನ ಹುಚ್ಚಿ ಅಂದೆ ನಾನು. ಆಮ್ಯಾಗ ಎದ್ದು ಮಾರಿ ತೊಳಕೊಂಡು ಓಣಿ ತುಂಬ ಸಕ್ಕರಿ ಹಂಚಿ ಬಂದ್ಲು.”

ಗಂಡ ಅಂಗೈ ನೋಡಿಕೊಳ್ಳುತ್ತಿದ್ದರು. ನಾನು ಚಹಾದ ಕಪ್ಪು ಕೆಳಗಿಟ್ಟೆ.

“ಅವತ್ತು ಅಂವ ಯಾರನ್ನ ಸೋಲಿಸಿದ್ನವಾ? ಆಕಿ ಹೇಳಿದ್ಲು, ಹೆಸರ ಮರತೀನಿ.”

ಸಿಂಧನೂರು ಎದ್ದು ಹೋಗಿ ಹೊರಸಿನ ಪಕ್ಕ ನೆಲದ ಮೇಲೆ ಕೂತ, ಮುದುಕಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

“ನಮ್ಮ ಬಿಜ್ಲಿನ್ನ ಸೋಲಿಸಿದ್ರಿ ಅಮ್ಮಾ,” ಎಂದ. “ಕಡೀ ಉಸಿರಿನ್ಯಾಗ ಎರಡು ಮಂದಿನ್ನ ಮುಟ್ಟಿ, ಗೆರಿ ದಾಟಿ ಹೋದ. ನಾ ಅಲ್ಲೇ ಇದ್ದೆ.”